ಕಾಳಿನ ಹೊಟ್ಟೆ ಕಾಣುವವರೆಗೆ

ಇದ್ದಿಲು ಕಪ್ಪು ಅರಗಿನ ಮೇಲೆ ಓಡುವ ಸದ್ದು ಎರಡು ಕೋಣೆಗಳಿಗೂ ಕೇಳುತ್ತಿತ್ತು. ಇಕುಯೊ ಕೈಯಲ್ಲಿದ್ದ ಬಟ್ಟಲನ್ನು ತೇಯುತ್ತಲೇ ಇದ್ದಳು. ಜೀವ ಮಾತ್ರ ಪಕ್ಕದ ಕೋಣೆಯಲ್ಲಿತ್ತು.

ಎರಡು ಕೋಣೆಗೂ ಸೇರಿ ಇದ್ದದ್ದು ಒಂದೇ ಸೀಮೆಎಣ್ಣೆ ಒಲೆ. ಅದಕ್ಕೆಂದು ನಡುವಿನ ಕಾಗದದ ಬಾಗಿಲನ್ನು ಪೂರ್ತಿ ಸರಿಸಿಟ್ಟಿದ್ದರು. ಇತ್ತ ಕಡೆ, ನೀರಿನ ಬೋಗುಣಿಗಳ ಮುಂದೆ, ಬಟ್ಟಲ ತಳಪದರ ತೇಯುವ ಹೆಂಗಸರಿಬ್ಬರು: ಇಕುಯೊ ಮತ್ತು ಮುದುಕಿ ಕಿನು. ಅತ್ತ ಕಡೆ, ಕಿಟಕಿಯ ಬೆಳಕಿಗೆ ಬೆನ್ನು ಕೊಟ್ಟು ಯಜಮಾನ ಶಿಗೆಜೋ. ಅವರ ಎದುರಿಗೆ ಮಂಡಿಯೂರಿ ಕೂತು ಪೆಟ್ಟಿಗೆಯೊಂದರ ಮುಚ್ಚಳ ತೇಯುತ್ತಿದ್ದವಳು ಇಕುಯೊಳ ಮಗಳು ರಿತ್ಸು.

ಮುಚ್ಚಳ ನೋಡಿದರೆ ಬರೀ ಕಪ್ಪು. ಅದರ ಅಡಿಯಲ್ಲಿ ಚಿನ್ನವಿತ್ತು. ಚಳಿಗಾಲದಲ್ಲಿ ತಮ್ಮೂರು ವಾಜಿಮಾದ ಕಡಲಂಚಿನಲ್ಲಿ ಗಾಳಿಗೆ ಹಾರಿ ಬರುವ ನೊರೆಯನ್ನು ಶಿಗೆಜೋ ಹೋದ ವಸಂತದಲ್ಲಿ ಚಿನ್ನದ ಪುಡಿ ಉದುರಿಸಿ ಬರೆದಿದ್ದರು. ಬರೆದ ಮೇಲೆ ಅರಗು ಬಳಿದು ಮುಚ್ಚಿದ್ದರು. ಒಣಗಿಸಿ ಮತ್ತೆ ಬಳಿದಿದ್ದರು. ಈಗ ಇದ್ದಿಲಿನಿಂದ ನೀರು ಹಾಕಿ ಹಾಕಿ ತೇದು, ಹೂತಿಟ್ಟ ಚಿತ್ರವನ್ನು ಹೊರಗೆ ತೆಗೆಯಬೇಕು. ಕಡಿಮೆ ತೇದರೆ ಚಿತ್ರವಿಲ್ಲ. ಹೆಚ್ಚು ತೇದರೆ ಚಿನ್ನವೇ ಇಲ್ಲ.

ಯಜಮಾನರು ಭುಜ ನೋವು ಎಂದು ಹೇಳಿ ಆ ಕೆಲಸವನ್ನು ರಿತ್ಸುಗೆ ಕೊಟ್ಟಿದ್ದರು. ಕೊಡುವಾಗ ಇಕುಯೊಳ ಎದುರಿಗೇ ಅಂದಿದ್ದರು: "ನಾಲ್ಕು ವರ್ಷ ಕಲಿತಾಯ್ತು. ಇದು ಸರಿ ಬಂದ್ರೆ ಹೊಸವರ್ಷದೊಳಗೆ ನನ್ನ ಕೈಯಾರೆ ಬಟ್ಟಲು ತುಂಬಿಸಿ ಕೊಡ್ತೀನಿ. ಕೆಟ್ರೆ ನಿಮ್ಮಮ್ಮನ ಪಕ್ಕ ಜಾಗ ಇದೆ, ಬೋಗುಣಿ ತಗೊಂಡು ಕೂತ್ಕೊ."

ಯಜಮಾನ ಸಾಕೆ ಎಂಬ ಅಕ್ಕಿಮದ್ಯ ತುಂಬಿಸಿ ಕೊಟ್ಟ ಆ ಬಟ್ಟಲನ್ನು ಕುಡಿದವರಷ್ಟೇ ಚಿನ್ನದ ಕೆಲಸದವರು. ಆ ಬೀದಿಯಲ್ಲಿ ಹೆಣ್ಣುಮಗಳೊಬ್ಬಳು ಅದನ್ನು ಕುಡಿದದ್ದನ್ನು ಇಕುಯೊ ಕಂಡಿರಲಿಲ್ಲ. ಅವಳ ಗಂಡ, ಆ ಸೀಮೆಯ ಗಂಡಸರೆಲ್ಲರಂತೆ, ಚಳಿಗೆ ಮೊದಲೇ ಸಾಕೆ ತಯಾರಿಸುವ ಕೆಲಸಕ್ಕೆ ದೂರದೂರು ಸೇರಿದ್ದ. ಹೊರಡುವ ದಿನ ಬೂಟಿನ ದಾರ ಕಟ್ಟುತ್ತ, "ನಾನು ಮಾಡಿದ ಸಾಕೆನೇ ಅವಳ ಬಟ್ಟಲಿಗೆ ಬೀಳ್ಬೇಕು, ಒಂದು ಶೀಷೆ ಕಳಿಸ್ತೀನಿ" ಅಂದಿದ್ದ. ಶೀಷೆ ಬಂದು ಅಡುಗೆಮನೆಯ ನೆಲದಡಿಯ ಪೆಟ್ಟಿಗೆಯಲ್ಲಿ ಕೂತಿತ್ತು.

"ಏ ಇಕುಯೊ," ಕಿನು ಬಟ್ಟಲಿನಿಂದ ತಲೆಯೆತ್ತದೆ ಪಿಸುಗುಟ್ಟಿದಳು. "ಭುಜ ನೋವು ಅಂತಾರಲ್ಲ, ನಂಬಿದೀಯಾ?"

"ಸುಮ್ನಿರಿ ಕಿನಜ್ಜಿ."

"ನಿನ್ನೆ ಅಂಚೆಯವನು ಬಂದು ನಿಂತ್ರೆ, 'ಏನಮ್ಮಾ, ಇವತ್ತು ಮೀನು ಏನಿದೆ' ಅಂತ ಕೇಳಿದ್ರು. ಅಂಚೆಯವನು ಪಾಪ, ಮೀಸೆ ಬಿಟ್ಟ ಗಂಡಸು."

"ತಮಾಷೆಗೆ ಅಂದಿರ್ತಾರೆ."

"ಚಹಾನ ಲೋಟದ ಪಕ್ಕ ಬಗ್ಗಿಸಿದ್ದೂ ತಮಾಷೆಗಾ? ಚಾಪೆ ಒರೆಸಿದ್ದು ನಾನು ಕಣೆ. ಬೇಸಿಗೆಯಿಂದ ನೋಡ್ತಿದೀನಿ. ಕಣ್ಣಲ್ಲಿ ಗಂಜಿ ಬಿದ್ದ ಹಾಗೆ ಬೆಳ್ಳಗಾಗಿದೆ."

ಇಕುಯೊ ಓರೆಗಣ್ಣಿಂದ ಅತ್ತ ನೋಡಿದಳು. ಶಿಗೆಜೋ ಕಣ್ಣು ಮುಚ್ಚಿಕೊಂಡು, ಕೈಗಳನ್ನು ಅಂಗಿಯ ತೋಳೊಳಗೆ ಸೇರಿಸಿ ಕೂತಿದ್ದರು. ಮುಚ್ಚಳದ ಕಡೆಗೆ ಮುಖವೂ ಇರಲಿಲ್ಲ.

"ಇನ್ನೂ," ಅಂದರು.

"ಹ್ಞೂಂ, ಯಜಮಾನ್ರೇ," ಅಂದಳು ರಿತ್ಸು. ಇದ್ದಿಲು ಮತ್ತೆ ಓಡಿತು.

ಹೊರಗೆ ಗುಡುಗಿತು. ಹೊಸವರ್ಷದ ಊಟದ ಬುರಿ ಮೀನನ್ನು ಆಳದಿಂದ ಎಬ್ಬಿಸಿ ತರುವ ಗುಡುಗು. ಬೇರೆ ದಿನವಾಗಿದ್ದರೆ ಕಿನು "ಬಂತು ನೋಡು ಬುರಿ" ಎಂದು ಚಪ್ಪಾಳೆ ತಟ್ಟುತ್ತಿದ್ದಳು. ಈಗ ಮೂಗಿನ ತುದಿಯ ಹನಿಯನ್ನು ಮುಂಗೈಯಲ್ಲಿ ಒರೆಸಿಕೊಂಡು ಬಟ್ಟಲಿಗೆ ಬಾಗಿದಳು.

ನಾವು ಗಂಧವನ್ನು ತೇಯುತ್ತೇವೆ, ಕತ್ತಿಯನ್ನು ಮಸೆಯುತ್ತೇವೆ, ಅಕ್ಕಿಯನ್ನು ಕಿವುಚಿ ತೊಳೆಯುತ್ತೇವೆ. ಅಲ್ಲಿಯವರು ಈ ಮೂರಕ್ಕೂ 'ತೊಗು' ಎಂಬ ಒಂದೇ ಮಾತನ್ನು ಬಳಸುತ್ತಾರೆ. ಇಕುಯೊಳ ದಿನ ಬೆಳಗಾಗುವುದೇ ಆ ಮಾತಿನಿಂದ: ಮುಂಜಾನೆ ಅಕ್ಕಿ, ಆಮೇಲೆ ಮೀನಿನ ಚೂರಿ, ಆಮೇಲೆ ಸಂಜೆಯವರೆಗೂ ಬಟ್ಟಲು. ಮೂವತ್ತು ವರ್ಷ ತೇದು ತೇದು ಅವಳ ಬೆರಳಿನ ಗೆರೆಗಳೇ ಅಳಿಸಿಹೋಗಿದ್ದವು. ಸರ್ಕಾರಿ ಕಚೇರಿಯಲ್ಲಿ ಒಮ್ಮೆ ಹೆಬ್ಬೆಟ್ಟು ಒತ್ತಿದಾಗ ಬರೀ ಮಸಿಯ ಮುದ್ದೆ ಮೂಡಿ ಗುಮಾಸ್ತ ನಕ್ಕಿದ್ದ.

ಬಟ್ಟಲು ತೇಯುವವರಿಗೆ ಒಂದೇ ಭಯ. ಮರದ ಬಟ್ಟಲಿನ ಅಂಚಿಗೆ ಬಟ್ಟೆ ಅಂಟಿಸಿ, ಅದರ ಮೇಲೆ ಮಣ್ಣು ಕಲಸಿದ ಅರಗನ್ನು ಬಳಿದಿರುತ್ತಾರೆ. ಆ ಮಣ್ಣರಗನ್ನು ನುಣ್ಣಗೆ ತೇಯಬೇಕು, ಆದರೆ ಕೆಳಗಿನ ಬಟ್ಟೆ ಕಾಣಬಾರದು. ಒಂದು ಎಳೆ ಕಂಡರೂ ಬಟ್ಟಲು ಕೆಟ್ಟಂತೆ. ಅಡಿಯದು ಮೇಲೆ ಬರುವ ಮುಂಚೆ ಕೈ ನಿಲ್ಲಬೇಕು. ಇಕುಯೊಗೆ ಇದನ್ನು ಅವಳ ಅತ್ತೆ ಕೈಮೇಲೆ ಹೊಡೆದು ಕಲಿಸಿದ್ದಳು. ಆಮೇಲೆ ಅವಳ ಕೈಯಿಂದ ಬಟ್ಟೆ ಕಂಡ ಬಟ್ಟಲು ಒಂದೂ ಹೋಗಿರಲಿಲ್ಲ.

ಆಗಲೇ ಪಕ್ಕದ ಕೋಣೆಯ ಸದ್ದು ಬದಲಾಯಿತು.

ಅಷ್ಟು ಹೊತ್ತು ಒದ್ದೆ ರೇಷ್ಮೆ ಎಳೆದಂತೆ ಕೇಳುತ್ತಿದ್ದದ್ದು, ಈಗ ಸಣ್ಣ ಮರಳಿನ ಮೇಲೆ ಕಾಲೆಳೆದಂತೆ ಆಯಿತು. ಇದ್ದಿಲಿಗೆ ಏನೋ ಸಿಕ್ಕಿದೆ. ಚಿನ್ನ ತಾಗಿತು. ಇನ್ನು ನಿಲ್ಲಿಸಬೇಕು.

ರಿತ್ಸು ನಿಲ್ಲಿಸಲಿಲ್ಲ.

"ಕೇಳಿಸ್ತಾ?" ಅಂದಳು ಕಿನು.

"ಕೇಳಿಸ್ತು."

"ಅವರಿಗೆ ಕೇಳಿಸ್ಲಿಲ್ವಾ?"

ಅದಕ್ಕೆ ಉತ್ತರವೆಂಬಂತೆ ಶಿಗೆಜೋ ಅಂದರು, "ಇನ್ನೂ ತೇಯಿ. ಕೈ ಹಗುರ ಮಾಡ್ಬೇಡ."

ರಿತ್ಸು ಕಲಕುನೀರಿನ ಬೋಗುಣಿ ಎತ್ತಿಕೊಂಡು ಬಚ್ಚಲಿಗೆ ಚೆಲ್ಲಲು ತಾಯಿಯ ಪಕ್ಕದಲ್ಲೇ ಹಾದುಹೋದಳು. ಮುಖ ಕೆಂಪಾಗಿತ್ತು, ಹಣೆಯ ಕೂದಲು ಅಂಟಿಕೊಂಡಿತ್ತು. ತಾಯಿಯ ಕಡೆ ನೋಡಲಿಲ್ಲ. ಇಕುಯೊ ಮಾತ್ರ ಬೋಗುಣಿಯೊಳಗೆ ನೋಡಿದಳು. ಮಸಿಯಂಥ ನೀರಿನಲ್ಲಿ ಕಣ್ಣಿಗೆ ಬೀಳುವಷ್ಟು ಹೊಳಪು ತೇಲುತ್ತಿತ್ತು.

ಚಿನ್ನ ನೀರಿಗೆ ಹೋಗುತ್ತಿದೆ.

"ನೋಡಿದ್ಯಾ?" ಅಂದಳು ಕಿನು. "ಅವರಿಗೆ ಮುಚ್ಚಳ ಇನ್ನೂ ಕಪ್ಪಗೇ ಕಾಣ್ತಿದೆ. ಕಣ್ಣು ಹೋದೋರಿಗೆ ಎಲ್ಲಾ ಕಪ್ಪೇ. ತೇಯಿ ತೇಯಿ ಅಂತ ಮರ ಬರೋವರೆಗೂ ತೇಯಿಸ್ತಾರೆ. ಆಮೇಲೆ ಕೆಡಿಸಿದ್ದು ಯಾರು? ನಿನ್ನ ಮಗಳು."

"ಅವಳಿಗೆ ಕಣ್ಣಿಲ್ವಾ? ಅವಳೇ ನಿಲ್ಲಿಸ್ತಾಳೆ."

"ಕಲಿಯೋ ಹುಡುಗಿ ಯಜಮಾನನ ಮಾತು ಮೀರಿ ಕೈ ಎತ್ತೋದುಂಟಾ? ನೀನು ನಿಮ್ಮತ್ತೆ ಎದುರು ಎತ್ತಿದ್ಯಾ?"

ಎತ್ತಿರಲಿಲ್ಲ. ಬಟ್ಟಲ ಹೆಂಗಸರು ಚಿನ್ನದ ಮಾತಾಡುವುದು ಆ ಮನೆಯ ಪದ್ಧತಿಯಲ್ಲ. ಚಿನ್ನದವರೂ ಬಟ್ಟಲಿನ ಮಾತಾಡುವುದಿಲ್ಲ. ಹೊಸ್ತಿಲ ಒಂದು ಬೆರಳಗಲದ ಕಟ್ಟಿಗೆ ಎರಡು ಕಸುಬನ್ನು ಬೇರೆ ಮಾಡಿತ್ತು, ಬಾಗಿಲು ತೆಗೆದಿದ್ದರೂ. ಈಗ ಬಾಯಿ ತೆರೆದರೆ ಶಿಗೆಜೋ ಇಬ್ಬರನ್ನೂ ಬೀದಿಗೆ ಅಟ್ಟಬಹುದು. ತೆರೆಯದಿದ್ದರೆ ಮುಚ್ಚಳ ಹೋಗುತ್ತದೆ. ಎರಡರಲ್ಲಿ ಯಾವುದಾದರೂ ಮಗಳ ನಾಲ್ಕು ವರ್ಷವೇ ಬೋಗುಣಿಗೆ ಬೀಳುತ್ತದೆ.

ರಿತ್ಸು ಹಿಂದಿರುಗಿ ಕೂತಳು. ಇದ್ದಿಲನ್ನು ನೀರಿಗೆ ಅದ್ದಿದಳು. ಮರಳಿನ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಒರಟಾಗಿ. ಇಕುಯೊಳ ಕೈಯೂ ತನ್ನ ಪಾಡಿಗೆ ಬಟ್ಟಲ ಅಂಚಿನ ಮೇಲೆ ಸಾಣೆಕಲ್ಲು ಓಡಿಸುತ್ತಲೇ ಇತ್ತು.

"ಇನ್ನೂ," ಅಂದರು ಶಿಗೆಜೋ.

"ಹ್ಞೂಂ."

"ಇನ್ನೂ."

"ಚಹಾ!" ಎಂದು ಕೂಗಿದಳು ಇಕುಯೊ.

ಗಂಟಲಿಂದ ಬಂದ ಕೂಗು ಅವಳಿಗೇ ಬೇರೆಯವರದೆನಿಸಿತು. ಆ ಮನೆಯಲ್ಲಿ ಚಹಾ ಎಂದು ಕರೆಯುವುದು ಬಟ್ಟಲ ಹೆಂಗಸರ ಹಕ್ಕು, ಕರೆದರೆ ಎಲ್ಲರೂ ಕೈ ಎತ್ತಬೇಕು. ಆದರೆ ಬೆಳಗಿನ ಚಹಾ ಆಗಿ ಇನ್ನೂ ಲೋಟ ಒಣಗಿರಲಿಲ್ಲ. ರಿತ್ಸು ಬೆಚ್ಚಿದಳು. ಇದ್ದಿಲು ಮೂಲೆಯ ಹತ್ತಿರ ಕೀರ್ ಎಂದು ಜಾರಿತು.

ಆ ಸದ್ದು ಎಲ್ಲರಿಗೂ ಕೇಳಿತು.

"ಯಾರದು ಚಹಾ ಅಂದಿದ್ದು?" ಶಿಗೆಜೋ ಕಣ್ಣು ತೆರೆದರು.

"ನಾನು, ಯಜಮಾನ್ರೇ. ಇಕುಯೊ."

"ನಿನಗೆ ಹಸಿವಾದ್ರೆ ಅಡುಗೆಮನೇಲಿ ಗೆಣಸು ಬೇಯ್ಸಿಟ್ಟಿದೆ. ಹೋಗಿ ತಿನ್ನು. ನಮಗೆ ಯಾಕೆ ಹೊತ್ತಲ್ಲದ ಹೊತ್ತಲ್ಲಿ ಚಹಾ?"

"ಹಸಿವಲ್ಲ." ಇಕುಯೊ ಹಣೆ ಚಾಪೆಗೆ ಮುಟ್ಟುವಂತೆ ಬಾಗಿದಳು. ಬಾಗಿದ್ದರಿಂದಲೇ ಮಾತು ಹೊರಬಂತು. "ಚಿನ್ನ ತಾಗಿ ಎಷ್ಟೊತ್ತಾಯ್ತು. ನೀರಲ್ಲಿ ಹೋಗ್ತಿದೆ, ನಾನೇ ನೋಡಿದೆ. ನೀವು ಇನ್ನೂ ಇನ್ನೂ ಅಂತೀರಿ. ನಿಮ್ಮ ಕಣ್ಣಿಗೆ… ನಿಮ್ಮ ಕಣ್ಣಿಗೆ ಕಾಣ್ತಿಲ್ಲ, ಯಜಮಾನ್ರೇ."

ಕಿನು ಕೈಯಿಂದ ಸಾಣೆಕಲ್ಲು ಬೋಗುಣಿಗೆ ಬಿದ್ದು ನೀರು ಸಿಡಿಯಿತು. ಒಲೆಯ ಮೇಲಿನ ಕೆಟಲ್ ಗುನುಗುತ್ತಿತ್ತು. ಇಕುಯೊ ತಲೆ ಎತ್ತದೆ ಚಾಪೆಯ ಹೆಣಿಗೆಯನ್ನೇ ನೋಡುತ್ತಿದ್ದಳು. ಮಗಳ ಗಂಟುಮೂಟೆ ಹೊತ್ತು ಮನೆಗೆ ನಡೆಯುವ ದಾರಿ, ಸಂತೆಬೀದಿಯ ಹೆಂಗಸರ ಕಣ್ಣು, ಗಂಡನಿಗೆ ಹೇಳಬೇಕಾದ ಮಾತು ಎಲ್ಲ ಆ ಹೆಣಿಗೆಯಲ್ಲಿ ಸಾಲಾಗಿ ಕಂಡವು.

"ಬಟ್ಟಲು ತೇಯೋಳಿಗೆ ಚಿನ್ನದ ಸದ್ದು ಗೊತ್ತಾಗಿಬಿಡ್ತು," ಅಂದರು ಶಿಗೆಜೋ ಕೊನೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ಇಕುಯೊಗೆ ಹೆಚ್ಚು ಭಯವಾಯಿತು. "ರಿತ್ಸು. ನಿಮ್ಮಮ್ಮ ಸಾಕು ಅಂತಾಳೆ. ನಾನು ಇನ್ನೂ ಅಂತೀನಿ. ನೀನೇನಂತೀಯಾ?"

ರಿತ್ಸು ಹತ್ತಿಬಟ್ಟೆಯಿಂದ ಮುಚ್ಚಳ ಒರೆಸಿದಳು. ಒಲೆಯ ಶಾಖಕ್ಕೆ ಹಿಡಿದು ಪೂರ್ತಿ ಒಣಗಿಸಿದಳು. ಆಮೇಲೆ ಹೊಸ್ತಿಲವರೆಗೆ ಮಂಡಿಯಲ್ಲೇ ಸರಿದು ಬಂದು ತಾಯಿಯ ಮೂಗಿನ ಕೆಳಗೆ ಹಿಡಿದಳು.

"ನೋಡಮ್ಮಾ. ಒದ್ದೆಯಿದ್ದಾಗ ನೋಡಿ ಹೆದರ್ಬೇಡ. ಒಣಗಿಸಿ ನೋಡು. ಏನು ಕಾಣುತ್ತೆ?"

ಇಕುಯೊ ನೋಡಿದಳು. ಕಪ್ಪಿನ ಮೇಲೆ ಮಂಕಾದ ಹಳದಿ ಚುಕ್ಕೆಗಳು. ಧೂಳು ಕೂತಂತೆ. ಅಲೆಯೂ ಇಲ್ಲ, ನೊರೆಯೂ ಇಲ್ಲ.

"ಇದೇನಾ?" ಅಂದಳು.

"ಇದು ಬರೀ ನೆತ್ತಿ. ಚಿನ್ನದ ಕಾಳು ಗುಂಡಗಿರುತ್ತಮ್ಮಾ, ಸಾಸಿವೆ ಥರ. ನೆತ್ತಿ ತೇದ್ರೆ ಚುಕ್ಕಿ ಕಾಣುತ್ತೆ, ಅಷ್ಟೆ. ಹೊಟ್ಟೆವರೆಗೂ ತೇದ್ರೆ ಅಗಲವಾಗಿ ಹೊಳಿಯುತ್ತೆ. ಅಲ್ಲಿವರೆಗೂ ಅರ್ಧ ಚಿನ್ನ ನೀರಿಗೆ ಹೋಗ್ಲೇಬೇಕು."

"ಅರ್ಧ ಚಿನ್ನ!" ಕಿನುಗೆ ಬಾಯಿ ತಡೆಯಲಾಗಲಿಲ್ಲ. "ನೀರಿಗೆ? ಆ ಬೋಗುಣಿ ನನಗೆ ಕೊಡ್ಬಾರ್ದಾ, ಹಲ್ಲು ಕಟ್ಟಿಸ್ಕೊಳ್ತಿದ್ದೆ."

ಯಾರೂ ನಗಲಿಲ್ಲ. ಇಕುಯೊಳ ಕಿವಿ ಸುಡುತ್ತಿತ್ತು. ಅಡಿಯದು ಕಂಡರೆ ಕೈ ಎತ್ತು ಎಂದು ಇಷ್ಟು ಕಾಲ ತೇದಿದ್ದಳು. ಹೊಸ್ತಿಲಾಚೆ ಅದೇ ಕೆಲಸಕ್ಕೆ, ಅದೇ ಮಾತಿಗೆ, ಅಡಿಯದನ್ನು ಕಂಡ ಮೇಲೂ ಹೋಗು ಎಂಬ ಅರ್ಥವಿತ್ತು.

"ಹೊಟ್ಟೆ ದಾಟಿದ್ರೆ?" ಎಂದು ಕೇಳಿದಳು, ತೀರ ಮೆಲ್ಲಗೆ.

"ದಾಟಿದ್ರೆ ಕಾಳು ಮತ್ತೆ ಕಿರಿದಾಗುತ್ತೆ. ಬುಡ ಬಿಟ್ಟು ಉದುರಿ ಹೋಗುತ್ತೆ."

"ಹೊಟ್ಟೆ ಬಂತು ಅಂತ ಹೇಗೆ ಗೊತ್ತಾಗುತ್ತೆ?"

ರಿತ್ಸು ಯಜಮಾನರ ಕಡೆ ಒಮ್ಮೆ ನೋಡಿದಳು. ಅವರು ಮತ್ತೆ ಕಣ್ಣು ಮುಚ್ಚಿದ್ದರು. ಅವಳು ತನ್ನ ಜಾಗಕ್ಕೆ ಸರಿದು ಇದ್ದಿಲನ್ನು ಚೂರಿಯಿಂದ ಹೊಸದಾಗಿ ಕೆತ್ತಿದಳು, ಅಂಗೈ ಮೇಲೆ ಉಜ್ಜಿ ನೋಡಿ, ನೀರು ಹಾಕಿ, ತೇಯತೊಡಗಿದಳು.

ಈಗ ಇಕುಯೊಗೆ ಮೊದಲಿಗಿಂತ ಹೆಚ್ಚು ಕಷ್ಟವಾಯಿತು. ಮುಂಚೆ ಎಲ್ಲಿ ನಿಲ್ಲಿಸಬೇಕೆಂದು ತನಗೆ ಗೊತ್ತಿದೆ ಎಂದುಕೊಂಡಿದ್ದಳು. ಈಗ ಅದೂ ಇಲ್ಲ. ಬಟ್ಟಲನ್ನು ಎತ್ತಿಕೊಂಡಳು, ಕೈಗೊಂದು ಕೆಲಸ ಬೇಕಾಗಿತ್ತು. ಮರಳಿನ ಸದ್ದು ನಿಧಾನಕ್ಕೆ ತಗ್ಗಿ ಬೂದಿಯ ಮೇಲೆ ಕೈಯಾಡಿಸಿದಂತಾಯಿತು. ಶಿಗೆಜೋ "ಇನ್ನೂ" ಅಂದರು. ನೀರು, ಇದ್ದಿಲು, ಬಟ್ಟೆ. ಮತ್ತೆ ನೀರು. "ಇನ್ನೂ" ಅಂದರು. ಕಿಟಕಿಯ ಮೇಲೆ ಆಲಿಕಲ್ಲು ಚಟಪಟ ಹೊಡೆದು ನಿಂತಿತು. ರಿತ್ಸುಳ ಬೆನ್ನು ಮಾತ್ರ ಕಾಣುತ್ತಿತ್ತು. ಭುಜದ ಮೂಳೆಗಳು ಬಟ್ಟೆಯೊಳಗೆ ಹಿಂದೆ ಮುಂದೆ ಸರಿಯುತ್ತಿದ್ದವು, ಹಸುಗೂಸಾಗಿದ್ದಾಗ ಹಾಲು ಕುಡಿಯುವಾಗ ಹೀಗೇ ಸರಿಯುತ್ತಿದ್ದವು.

ಬೂದಿಯ ಸದ್ದು ಇನ್ನೂ ಸಣ್ಣಗಾಯಿತು.

ರಿತ್ಸು ಕೈ ಎತ್ತಿದಳು.

"ಯಾಕೆ ನಿಲ್ಲಿಸಿದೆ?" ಅಂದರು ಶಿಗೆಜೋ.

"ಆಯ್ತು, ಯಜಮಾನ್ರೇ."

"ಆಗಿಲ್ಲ. ನನ್ನ ಕಿವಿಗೆ ಇನ್ನೂ ಒಂದು ಪದರ ಕೇಳಿಸ್ತಿದೆ. ಇನ್ನೂ ತೇಯಿ."

"ಇಲ್ಲ."

ಕಿನು ಇಕುಯೊಳ ಮೊಣಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಇಲ್ಲ ಅಂದ್ಯಾ?"

"ಅಲೆಯ ಕಡೆ ಇನ್ನೂ ಒಂದು ಸುತ್ತು ತಡ್ಕೊಳುತ್ತೆ. ಆದ್ರೆ ನೊರೆ ಕರಗೋ ಕಡೆ ಪುಡಿ ತೀರಾ ಸಣ್ಣದು. ಅದು ಹೊರಟುಹೋಗುತ್ತೆ." ರಿತ್ಸು ಎರಡೂ ಕೈಗಳನ್ನು ಮುಚ್ಚಳದಿಂದ ದೂರ ಮಂಡಿಯ ಮೇಲಿಟ್ಟಳು. "ನೀವು ಹೊಡೆದ್ರೂ ಸರಿ, ನಾನಿನ್ನು ಮುಟ್ಟಲ್ಲ."

ಶಿಗೆಜೋ ಕೈ ಚಾಚಿದರು. ಅವಳು ಮುಚ್ಚಳ ಒರೆಸಿ ಒಣಗಿಸಿ ಕೊಟ್ಟಳು. ಅವರು ಕಿಟಕಿಯ ಕಡೆ ತಿರುಗಿ ಅದನ್ನು ಕಣ್ಣ ಹತ್ತಿರ ಹಿಡಿದರು, ಇನ್ನೂ ಹತ್ತಿರ ತಂದರು. ಮೂಗು ಅರಗಿಗೆ ತಾಗಿ ಉಸಿರಿನ ಮಬ್ಬು ಹತ್ತಿತು. ತೋಳಿನಿಂದ ಮಬ್ಬು ಒರೆಸಿದರು. ಓರೆ ಹಿಡಿದರು, ನೇರ ಹಿಡಿದರು. ಕೊನೆಗೆ ಮುಚ್ಚಳವನ್ನು ಮಡಿಲಿಗಿಳಿಸಿದರು.

"ಇಕುಯೊ. ಬಾ ಇಲ್ಲಿ."

"ನಾನಾ?"

"ಇನ್ನೊಬ್ಬಳು ಇಕುಯೊ ಇದಾಳಾ? ಹೊಸ್ತಿಲು ದಾಟು ಪರವಾಗಿಲ್ಲ. ಬಾಯಿಂದ ಆಗಲೇ ದಾಟಿದ್ದೀಯಲ್ಲ."

ಇಕುಯೊ ಏಪ್ರನ್ನಿಗೆ ಕೈ ಒರೆಸಿಕೊಂಡು ಹೋಗಿ ಕೂತಳು. ಅವರು ಮುಚ್ಚಳವನ್ನು ಅವಳ ಕಡೆ ಸರಿಸಿದರು.

"ಹೇಳು. ಏನು ಕಾಣುತ್ತೆ? ಚೆಂದ ಗಿಂದ ಅನ್ನಬೇಡ. ಕಂಡದ್ದು ಹೇಳು."

ಹಿಂದಿನ ಮಂಕು ಹೋಗಿತ್ತು. ಕೆಳಗಿನ ಅಂಚಿನಲ್ಲಿ ಅಲೆ ಗಟ್ಟಿ ಚಿನ್ನವಾಗಿ ಎದ್ದಿತ್ತು.

"ಎಡಗಡೆ ಅಲೆ ಒಡೀತಿದೆ," ಅಂದಳು. "ತುಂಬಾ ಹೊಳಪು. ಅಲ್ಲಿಂದ ನೊರೆ ಹಾರ್ತಿದೆ. ಮುದ್ದೆ ಮುದ್ದೆಯಾಗಿ. ಆಮೇಲೆ ಚೂರು ಚೂರಾಗಿ. ಮೇಲಕ್ಕೆ ಹೋಗ್ತಾ ಹೋಗ್ತಾ… ಎಲ್ಲಿ ಮುಗೀತು ಅಂತ ಗೊತ್ತಾಗಲ್ಲ. ಇದೆ ಅಂದ್ರೆ ಇದೆ, ಇಲ್ಲ ಅಂದ್ರೆ ಇಲ್ಲ."

"ಬಲಗಡೆ ಮೇಲಿನ ಮೂಲೆವರೆಗೂ ಬಂದಿದೆಯಾ ಆ ಸಣ್ಣ ಪುಡಿ?"

"ಬಂದಿದೆ. ತೀರಾ ಸಣ್ಣಗೆ. ಉಸಿರು ಬಿಟ್ರೆ ಹಾರಿಹೋಗುತ್ತೇನೋ ಅನ್ನೋ ಹಾಗೆ."

ಶಿಗೆಜೋ ತಲೆಯಾಡಿಸಿದರು. "ಇನ್ನೊಂದು ಸುತ್ತು ತೇಯ್ಸಿದ್ರೆ ಅದು ಹೋಗ್ತಿತ್ತು," ಅಂದರು, ಯಾರಿಗೆಂದಲ್ಲ. ಆಮೇಲೆ, "ಮತ್ತೇನು ಕಾಣುತ್ತೆ?"

ರಿತ್ಸು ಮುಂದೆ ಬಾಗಿದಳು. "ಯಜಮಾನ್ರೇ, ಅಲ್ಲಿ ನನ್ನ ಕೈ ಸ್ವಲ್ಪ—"

"ನಿನ್ನ ಕೇಳಲಿಲ್ಲ."

ಇಕುಯೊ ಮಗಳ ಮುಖ ನೋಡಿದಳು. ಅವಳು ಕಣ್ಣಲ್ಲೇ ಬೇಡ ಅನ್ನುತ್ತಿದ್ದಳು.

"ಕೆಳಗಿನ ಬಲಮೂಲೆಯಲ್ಲಿ ಒಂದು ಗೀರಿದೆ," ಅಂದಳು ಇಕುಯೊ. "ಕಪ್ಪಿನ ಮೇಲೆ. ಅಕ್ಕಿಕಾಳಿನಷ್ಟುದ್ದ. ನಾನು ಚಹಾ ಅಂತ ಕೂಗಿದಾಗ ಆದದ್ದು. ಇವಳ ತಪ್ಪಿಲ್ಲ."

"ಚಿನ್ನಕ್ಕೆ ತಾಗಿದೆಯಾ?"

"ಇಲ್ಲ."

"ಆಳ ಇದೆಯಾ?"

ಇದು ಅವಳ ಕಸುಬಿನ ಪ್ರಶ್ನೆ. ಗೆರೆಯಿಲ್ಲದ ಬೆರಳನ್ನು ಬಿಟ್ಟು ಉಗುರಿನ ಅಂಚಿನಿಂದ ಒಮ್ಮೆ ಸವರಿದಳು. "ಮೇಲಿನ ಪದರ ಮಾತ್ರ. ಅಡಿ ಕಂಡಿಲ್ಲ."

"ಹಾಗಾದ್ರೆ ತೆಳ್ಳಗೆ ಅರಗು ತುಂಬಿ, ಒಣಗಿಸಿ, ಮತ್ತೆ ತೇಯ್ಬೇಕು. ರಿತ್ಸು, ಹೊಸವರ್ಷದೊಳಗೆ ಆಗುತ್ತಾ?"

"ಆಗುತ್ತೆ. ನಾನೇ ಮಾಡ್ತೀನಿ."

"ನೀನಲ್ಲದೆ ಇನ್ಯಾರು ಮಾಡ್ತಾರೆ? ನನ್ನ ಭುಜ ನೋಯ್ತಿದೆ ಅಂತ ಹೇಳಲಿಲ್ವಾ." ಅವರು ಬಲಗೈಯನ್ನು ಮುಖದ ಮೇಲೆ ಒಮ್ಮೆ ಆಡಿಸಿಕೊಂಡರು, ಭುಜವನ್ನು ಮುಟ್ಟಲೇ ಇಲ್ಲ. "ಇನ್ನು ಮೇಲೆ ಎಲ್ಲಿ ನಿಲ್ಲಿಸ್ಬೇಕು ಅಂತ ನನ್ನ ಕೇಳ್ಬೇಡ. ನಾನು ಇನ್ನೂ ಅಂತಾನೇ ಇರ್ತೀನಿ. ಅಭ್ಯಾಸ."

ಆ ಹೊತ್ತಿಗೆ ಹೊಸ್ತಿಲಾಚೆಯಿಂದ ಕಿನುವಿನ ಚೀರು ಕೇಳಿತು.

"ಅಯ್ಯಯ್ಯೋ ಇಕುಯೊ! ಇಲ್ಲಿ ನೋಡೇ ನಿನ್ನ ಬಟ್ಟಲನ್ನ!"

ಇಕುಯೊ ತಿರುಗಿದಳು. ಕಿನು ಅವಳ ಬಟ್ಟಲನ್ನು ಬೆಳಕಿಗೆ ಎತ್ತಿ ಹಿಡಿದಿದ್ದಳು. ಅಂಚಿನ ಒಂದು ಕಡೆ ಮಣ್ಣರಗು ಪೂರ್ತಿ ಸವೆದು, ಅಡಿಯ ಬಟ್ಟೆ ನೇಯ್ಗೆಯ ಎಳೆ ಎಳೆಯಾಗಿ ಬೆಳ್ಳಗೆ ಹೊರಗೆ ಬಂದಿತ್ತು. ಕಿವಿ ಅತ್ತ ಕಡೆ ಇದ್ದಾಗ ಕೈ ತನ್ನ ಪಾಡಿಗೆ ತೇಯುತ್ತಲೇ ಹೋಗಿತ್ತು.

"ಏನಾಯ್ತು?" ಅಂದರು ಶಿಗೆಜೋ.

"ಬಟ್ಟೆ ಕಂಡಿದೆ, ಯಜಮಾನ್ರೇ," ಕಿನು ಸಂಭ್ರಮದಿಂದಲೇ ಹೇಳಿದಳು. "ನಮ್ಮ ಇಕುಯೊ ಕೈಯಲ್ಲಿ ಬಟ್ಟೆ ಕಂಡಿದೆ! ಇದನ್ನ ನೋಡ್ಲಿಕ್ಕೆ ಅಂತಲೇ ದೇವರು ನನ್ನ ಇಷ್ಟು ದಿನ ಇಟ್ಟಿದ್ದ."

ಮೊದಲು ನಕ್ಕವಳು ರಿತ್ಸು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡರೂ ನಿಲ್ಲದೆ, ನಗುವೋ ಅಳುವೋ ತಿಳಿಯದಂತೆ ಮುಚ್ಚಳದ ಪಕ್ಕದಲ್ಲೇ ಮಡಚಿಕೊಂಡು ಬಿದ್ದಳು. ಇಕುಯೊ ಮಗಳ ಒದ್ದೆ ಬೆನ್ನಿನ ಮೇಲೆ ಕೈಯಿಟ್ಟಳು.

"ಆ ಬಟ್ಟಲು ಎಸೀಬೇಡ," ಅಂದರು ಶಿಗೆಜೋ. "ನನ್ನ ಹತ್ರ ಇಡು, ತುಂಬಿಸಿ ಕೊಡೋದಿದೆ. ಸಾಕೆ ಕುಡಿಯೋಕೆ ಬಟ್ಟೆ ಕಂಡ್ರೇನು, ಕಾಣದಿದ್ರೇನು." ಆಮೇಲೆ ಬಾಗಿಲ ಕಡೆ ಮುಖ ಮಾಡಿ, ಗುಡುಗು ಬರುತ್ತಿದ್ದ ದಿಕ್ಕಿಗೆ ಕಿವಿಗೊಟ್ಟು ಅಂದರು: "ಮೀನಿನವಳು ಬಂದ್ರೆ ಒಂದು ಒಳ್ಳೆ ಬುರಿಗೆ ಹೇಳಿಡು, ಇಕುಯೊ. ವರ್ಷದ ಕೊನೆಗೆ. ಮೀಸೆ ಇದ್ರೆ ಅವನು ಅಂಚೆಯವನು, ಅವನಿಗೆ ಹೇಳ್ಬೇಡ."